ಹೆಗಲು ಹಿಡಿದಾಗ

'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ವಡಪಳನಿಯ ಸುತ್ತಮುತ್ತಲಿನ ನಮ್ಮ ಕನ್ನಡ ಕುಟುಂಬಗಳು ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದೆಡೆ ಸೇರಿದಾಗ 'ಹೆಗಲು ನೋವು ಯಾರಿಗಿದೆ?' ಎಂದು ಒಮ್ಮೆ ಕೇಳಿ ನೋಡಬೇಕು. ನಲವತ್ತೈದು ದಾಟಿದವರಲ್ಲಿ ಹಲವರ ಕೈ ತಾನಾಗಿಯೇ ಹೆಗಲಿಗೆ ಹೋಗುತ್ತದೆ. ಕೆಲವರ ಕೈಯಂತೂ ಅಲ್ಲಿಯವರೆಗೆ ಹೋಗಲಾರದು! ಈ ಲೇಖನ ಆ ಎರಡನೆಯ ಗುಂಪಿನವರಿಗಾಗಿ. ಅವರಿಗಿಂತ ಹೆಚ್ಚಾಗಿ ಅವರ ಮನೆಯವರಿಗಾಗಿ.

ನಾವು ವೈದ್ಯರಲ್ಲ. ಕಛೇರಿಯ ಕಡತಗಳ ನಡುವೆ ಜೀವನ ಸಾಗಿಸುವ ಗುಮಾಸ್ತರು. ಆದರೂ ಹೆಗಲಿನ ವಿಚಾರವಾಗಿ ಬರೆಯಲು ಕುಳಿತದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಒಂದು ಹೆಗಲು ಆರು ತಿಂಗಳು ಸದ್ದಿಲ್ಲದೆ ನರಳಿತು, ನಮಗದು ಕಾಣಲಿಲ್ಲ. ಕಂಡ ಮೇಲೆಯೂ ಮಾಡಬಾರದ್ದನ್ನೇ ಮಾಡಿದೆವು. ಆಮೇಲೆ ವೈದ್ಯರಿಂದ ಕೇಳಿ, ಓದಿ, ತಿಳಿದುಕೊಂಡದ್ದನ್ನು ನಾಲ್ಕು ಜನರೊಡನೆ ಹಂಚಿಕೊಳ್ಳುವುದು ಸರಿಯೆಂದು ತೋರಿತು.

ಎಡಗೈಯ ಮಂಗಳಾರತಿ

ನಮ್ಮ ತಾಯಿಯವರು ಹಾಸನದ ಕಡೆಯಿಂದ ನಮ್ಮೊಡನೆ ಇರಲು ಬಂದಾಗ ಅವರಿಗೆ ಐವತ್ತೆಂಟು. ಬಂದ ವರ್ಷವೇ ಮನೆಯ ಅಡುಗೆ, ದೇವರ ಪೂಜೆ, ಮೊಮ್ಮಕ್ಕಳ ಜಡೆ ಎಲ್ಲವನ್ನೂ ತಾವೇ ವಹಿಸಿಕೊಂಡರು. ಕಳೆದ ವರ್ಷ ಒಂದು ಶುಕ್ರವಾರ ಸಂಜೆ ಮಂಗಳಾರತಿ ಎತ್ತುತ್ತಿದ್ದರು. ನೋಡುತ್ತೇವೆ, ತಟ್ಟೆ ಎಡಗೈಯಲ್ಲಿದೆ! ಎಡಗೈಯಿಂದ ಯಾರಿಗೂ ಒಂದು ಲೋಟ ನೀರು ಕೂಡ ಕೊಡದ ಹೆಂಗಸು ದೇವರಿಗೆ ಎಡಗೈಯಲ್ಲಿ ಆರತಿ ಎತ್ತುವುದೆಂದರೇನು?

"ಯಾಕಮ್ಮ ಎಡಗೈಲಿ?" ಎಂದು ಕೇಳಿದೆವು.

"ಏನಿಲ್ಲ ಕಣೋ, ಬಲಗೈ ಸ್ವಲ್ಪ ಹಿಡ್ಕೊಂಡಿದೆ. ನಿಂಗೆ ಆಫೀಸಿನ ಕೆಲಸವೇ ಸಾಕಷ್ಟಿದೆ. ಅದೇ ಹೋಗತ್ತೆ ಬಿಡು."

ಆಮೇಲೆ ಒಂದೊಂದಾಗಿ ನೆನಪಿಗೆ ಬಂತು. ಮೊಮ್ಮಗಳ ಜಡೆಯನ್ನು ಕೆಲವು ತಿಂಗಳಿಂದ ನಮ್ಮಾಕೆಯೇ ಹಾಕುತ್ತಿದ್ದಳು. ಸಾರಿನ ಪುಡಿಯ ಡಬ್ಬಿ ಮೇಲಿನ ಗೂಡಿನಿಂದ ಕೆಳಗಿಳಿದಿತ್ತು. ಅಮ್ಮ ತುರುಬು ಕಟ್ಟುವುದನ್ನು ಬಿಟ್ಟು ಕೂದಲನ್ನು ಹಾಗೆಯೇ ಗಂಟು ಹಾಕಿಕೊಳ್ಳುತ್ತಿದ್ದರು. ಬಸ್ಸಿನ ಮೇಲಿನ ಕಂಬಿ ಎಟುಕದೆಂದು ಪೇಟೆಗೆ ಬರುವುದನ್ನೇ ನಿಲ್ಲಿಸಿದ್ದರು. ರಾತ್ರಿ ಬಲಮಗ್ಗುಲಾದರೆ ಪ್ರಾಣ ಹೋದಷ್ಟು ನೋವು. ಎದ್ದು ಕುಳಿತು ಜಪಸರ ಹಿಡಿಯುತ್ತಿದ್ದರು. ಅಮ್ಮನಿಗೆ ಭಕ್ತಿ ಹೆಚ್ಚಾಯಿತೆಂದು ನಾವು ತಿಳಿದಿದ್ದೆವು!

ಇಲ್ಲಿ ನಮ್ಮ ತಪ್ಪುಗಳನ್ನೂ ಒಪ್ಪಿಕೊಳ್ಳಬೇಕು. ಹಿತೈಷಿಯೊಬ್ಬರು 'ಕೈಗೆ ವಿಶ್ರಾಂತಿ ಬೇಕು' ಎಂದರು. ಕೊರಳಿಗೆ ಜೋಳಿಗೆ ಕಟ್ಟಿ ಮೂರು ವಾರ ಕೈ ಅಲುಗದಂತೆ ಕೂರಿಸಿದೆವು. ಹೆಗಲು ಇನ್ನಷ್ಟು ಬಿಗಿಯಿತು. ಇನ್ನೊಬ್ಬರ ಮಾತು ಕೇಳಿ ಎಣ್ಣೆ ಹಚ್ಚಿ ನೀವುವವರೊಬ್ಬರನ್ನು ಕರೆಸಿದೆವು. ಅವರು ಕೈಯನ್ನು ಒಂದೇ ಸಲ ಹಿಂದಕ್ಕೆ ತಿರುವಿದಾಗ ಅಮ್ಮ ಕೂಗಿದ ಕೂಗು ಇಂದಿಗೂ ಕಿವಿಯಲ್ಲಿದೆ. ಕೊನೆಗೆ ಮೂಳೆ ವೈದ್ಯರ ಬಳಿಗೆ ಹೋದೆವು. ಮೊದಲೇ ಹೋಗಬೇಕಾಗಿದ್ದದ್ದು ಅಲ್ಲಿಗೆ.

ಬಸಿಯ ಮೇಲಿನ ತೆಂಗಿನಕಾಯಿ

ಹೆಗಲಿಗೇ ಇಷ್ಟೆಲ್ಲ ತೊಂದರೆ ಏಕೆ? ಅದರ ರಚನೆಯೇ ಹಾಗಿದೆ. ಸೊಂಟದ ಕೀಲನ್ನು ಕಲಶದ ಬಾಯಲ್ಲಿ ಕುಳಿತ ತೆಂಗಿನಕಾಯಿಗೆ ಹೋಲಿಸಬಹುದು. ಆಳವಾಗಿ ಭದ್ರವಾಗಿ ಕುಳಿತಿರುತ್ತದೆ. ಹೆಗಲಿನ ಕೀಲಾದರೋ ಕಾಫಿಯ ಬಸಿಯ ಮೇಲಿಟ್ಟ ಕಾಯಿಯಂತೆ. ತೋಳಿನ ಮೂಳೆಯ ತಲೆ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವಿಲ್ಲದ್ದು. ಈ ಕಾರಣದಿಂದಲೇ ಕೈ ಮುಂದಕ್ಕೂ ಹಿಂದಕ್ಕೂ ತಲೆಯ ಮೇಲಕ್ಕೂ ಬೆನ್ನಿನ ಕಡೆಗೂ ಹೋಗಬಲ್ಲದು. ದೇಹದ ಬೇರೆ ಯಾವ ಕೀಲಿಗೂ ಇಷ್ಟು ಸ್ವಾತಂತ್ರ್ಯವಿಲ್ಲ. ಸ್ವಾತಂತ್ರ್ಯ ಹೆಚ್ಚಿದಷ್ಟು ಅಪಾಯವೂ ಹೆಚ್ಚು.

ಈ ಕಾಯಿ ಬಸಿಯಿಂದ ಉರುಳದಂತೆ ಹಿಡಿದಿರುವವು ಮೂರು. ಕೀಲಿನ ಸುತ್ತ ಒಂದು ಚೀಲ. ಎಲುಬಿನಿಂದ ಎಲುಬಿಗೆ ಕಟ್ಟಿದ ತಂತುಗಳು. ಹೆಗಲ ಹಲಗೆಯಿಂದ ಹೊರಟು ತೋಳಿನ ಮೂಳೆಯ ತಲೆಯನ್ನು ಬೆರಳುಗಳಂತೆ ಅಪ್ಪಿಕೊಳ್ಳುವ ನಾಲ್ಕು ಸಣ್ಣ ಸ್ನಾಯುಗಳು. ಹೆಗಲಿನ ಬಹುಪಾಲು ಕಾಯಿಲೆಗಳು ಈ ಮೂರರಲ್ಲಿ ಯಾವುದೋ ಒಂದು ಕೆಟ್ಟುದರ ಫಲ. ಚೀಲ ಬಿಗಿದರೆ ಒಂದು ರೋಗ, ಸ್ನಾಯು ಹರಿದರೆ ಒಂದು ರೋಗ, ಕಾಯಿಯೇ ಉರುಳಿದರೆ ಮತ್ತೊಂದು. ಎಲ್ಲಕ್ಕೂ ನಾವು ಹೇಳುವ ಹೆಸರು ಮಾತ್ರ ಒಂದೇ: 'ಹೆಗಲು ಹಿಡಿದಿದೆ.' ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಕೇಡಾಗುವುದು ಇಲ್ಲಿಯೇ.

ಹೆಪ್ಪುಗಟ್ಟಿದ ಹೆಗಲು

ಅಮ್ಮನಿಗೆ ಬಂದದ್ದು ಇದು. ಫ್ರೆಂಚ್ ಶಸ್ತ್ರವೈದ್ಯ ದ್ಯೂಪ್ಲೇ 1872ರಲ್ಲಿ ಇದನ್ನು ವರ್ಣಿಸಿದನು. 'ಫ್ರೋಜನ್ ಶೋಲ್ಡರ್', ಅಂದರೆ ಹೆಪ್ಪುಗಟ್ಟಿದ ಹೆಗಲು, ಎಂಬ ಹೆಸರನ್ನು ಇಟ್ಟವನು ಬಾಸ್ಟನ್ನಿನ ಡಾಕ್ಟರ್ ಕಾಡ್ಮನ್, 1934ರಲ್ಲಿ. ನಮ್ಮ ವೈದ್ಯರು ಚೀಟಿಯಲ್ಲಿ 'ಪೆರಿಆರ್ಥ್ರೈಟಿಸ್' ಎಂದು ಬರೆಯುವುದೂ ಸಾಮಾನ್ಯವಾಗಿ ಇದನ್ನೇ. ಕೀಲಿನ ಚೀಲ ಊದಿಕೊಂಡು, ದಪ್ಪಗಾಗಿ, ಒಗೆದ ಹೊಸ ಬಟ್ಟೆಯಂತೆ ಮುದುಡುತ್ತದೆ.

ನಲವತ್ತರಿಂದ ಅರವತ್ತರ ನಡುವೆ ಬರುವುದು ಹೆಚ್ಚು; ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದಕ್ಕೆ ಮೂರು ಘಟ್ಟಗಳಿವೆ. ಮೊದಲಿನದು ನೋವಿನ ಕಾಲ. ರಾತ್ರಿಯ ನಿದ್ದೆ ಹಾರಿಹೋಗುತ್ತದೆ. ಎರಡನೆಯದರಲ್ಲಿ ನೋವು ತಗ್ಗಿ ಬಿಗಿತ ಉಳಿಯುತ್ತದೆ. ಮೂರನೆಯದರಲ್ಲಿ ಬಿಗಿತ ಮೆಲ್ಲಮೆಲ್ಲಗೆ ಕರಗುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯುವುದುಂಟು. ಕೆಲವರಿಗೆ ಸ್ವಲ್ಪ ಬಿಗಿತ ಉಳಿದೇಬಿಡುತ್ತದೆ. ಇನ್ನು ಕೆಲವರಿಗೆ ಮುಂದೆ ಮತ್ತೊಂದು ಹೆಗಲಿಗೂ ಬರುತ್ತದೆ.

ಮನೆಯಲ್ಲಿಯೇ ಗುರುತಿಸುವ ಒಂದು ಉಪಾಯವನ್ನು ವೈದ್ಯರು ತೋರಿಸಿದರು. ಎರಡು ಮೊಣಕೈಗಳನ್ನೂ ಪಕ್ಕೆಗೆ ಒತ್ತಿ, ಮುಂಗೈಗಳನ್ನು ಮುಂದಕ್ಕೆ ಚಾಚಬೇಕು. ಆಮೇಲೆ ಬಾಗಿಲಿನ ಎರಡು ಕದಗಳನ್ನು ತೆರೆಯುವಂತೆ ಮುಂಗೈಗಳನ್ನು ಹೊರಕ್ಕೆ ತಿರುಗಿಸಬೇಕು. ಒಂದು ಕದ ತೆರೆದು ಇನ್ನೊಂದು ಅಗುಳಿ ಹಾಕಿದಂತೆ ನಿಂತರೆ, ಮತ್ತೊಬ್ಬರು ಮೆಲ್ಲಗೆ ತಿರುಗಿಸಿದರೂ ತಿರುಗದಿದ್ದರೆ, ಅದು ಬಹುಮಟ್ಟಿಗೆ ಹೆಪ್ಪುಗಟ್ಟಿದ ಹೆಗಲು. ಅಮ್ಮನ ಬಲಗೈ ಕದ ಒಂದಂಗುಲವೂ ಸರಿಯಲಿಲ್ಲ. ಕ್ಷಕಿರಣದ ಚಿತ್ರದಲ್ಲಿ ಮಾತ್ರ ಏನೂ ದೋಷ ಕಾಣಲಿಲ್ಲ. ಈ ರೋಗದಲ್ಲಿ ಅದು ಸಹಜವಂತೆ.

ವೈದ್ಯರ ಮುಂದಿನ ಪ್ರಶ್ನೆ ನಮ್ಮನ್ನು ಬೆಚ್ಚಿಸಿತು: "ಸಕ್ಕರೆ ಇದೆಯೋ?" ಇಲ್ಲವೆಂದೆವು. ಪರೀಕ್ಷೆ ಮಾಡಿಸಿದಾಗ ಇತ್ತು. ಎಷ್ಟು ಕಾಲದಿಂದಲೋ ದೇವರೇ ಬಲ್ಲ. ಸಾಮಾನ್ಯ ಜನರಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಈ ಹೆಗಲು ರೋಗ ಬಂದರೆ, ಮಧುಮೇಹಿಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಬರುತ್ತದೆಂಬುದು ವೈದ್ಯ ಗ್ರಂಥಗಳ ಲೆಕ್ಕ. ಥೈರಾಯಿಡ್ ದೋಷವಿರುವವರಿಗೂ ಹೆಚ್ಚು. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಸಮೀಕ್ಷೆ ಹೇಳಿದೆ. ಹೀಗಿರಲು, ಪೆಟ್ಟು ಬೀಳದೆ ಹೆಗಲು ಬಿಗಿದರೆ ಮೊದಲು ರಕ್ತದ ಸಕ್ಕರೆಯನ್ನು ನೋಡಿಸಬೇಕು. ಅಮ್ಮನ ಹೆಗಲು ನೋಯದಿದ್ದರೆ ಸಕ್ಕರೆ ಇನ್ನೂ ಎಷ್ಟು ವರ್ಷ ಅಡಗಿರುತ್ತಿತ್ತೋ! ಆ ಹೆಗಲಿಗೆ ನಾವು ಋಣಿಗಳು.

ಚಿಕಿತ್ಸೆಯ ವಿಚಾರದಲ್ಲಿ ಒಂದು ಸಮಾಧಾನದ ಮಾತಿದೆ. ವ್ಯಾಯಾಮದೊಡನೆ ಕೀಲಿಗೆ ಸ್ಟಿರಾಯಿಡ್ ಚುಚ್ಚುಮದ್ದು, ಮತ್ತು ಬರಿಸಿ ಕೈಯನ್ನು ಬಿಡಿಸುವುದು, ಸಣ್ಣ ರಂಧ್ರದ ಮೂಲಕ ಶಸ್ತ್ರಕ್ರಿಯೆ ಎಂಬ ಮೂರು ಕ್ರಮಗಳನ್ನು ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ಹೋಲಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ವರ್ಷದ ಕೊನೆಗೆ ಯಾವುದೊಂದೂ ಉಳಿದವುಗಳಿಗಿಂತ ಹೇಳಿಕೊಳ್ಳುವಷ್ಟು ಮೇಲೆನಿಸಲಿಲ್ಲ. ಆದುದರಿಂದ ಶಸ್ತ್ರಕ್ರಿಯೆಗೆ ಆತುರಪಡಬೇಕಾಗಿಲ್ಲ. ಚುಚ್ಚುಮದ್ದು ಆರಂಭದ ನೋವಿಗೆ ಒಳ್ಳೆಯ ಉಪಶಮನ ಕೊಡುತ್ತದೆ. ಆದರೆ ಮಧುಮೇಹಿಗಳಿಗೆ ಕೆಲವು ದಿನ ಸಕ್ಕರೆ ಏರುವುದರಿಂದ ವೈದ್ಯರಿಗೆ ಮೊದಲೇ ತಿಳಿಸಬೇಕು.

ಸವೆದ ಹೆಗಲು, ಹರಿದ ಹೆಗಲು

ಕಾಯಿಯನ್ನು ಅಪ್ಪಿಹಿಡಿದ ನಾಲ್ಕು ಸ್ನಾಯುಗಳ ಕಥೆ ಬೇರೆ. ಕೈಯನ್ನು ಹೆಗಲಿಗಿಂತ ಮೇಲಕ್ಕೆ ಎತ್ತಿ ದುಡಿಯುವವರಿಗೆ ಇವುಗಳ ತಂತುಗಳು ಮೇಲಿನ ಎಲುಬಿನ ಕಮಾನಿನ ಕೆಳಗೆ ಮತ್ತೆ ಮತ್ತೆ ಉಜ್ಜಿ ನೋಯುತ್ತವೆ. ವಯಸ್ಸಾದಂತೆ ತಾವಾಗಿಯೂ ಸವೆಯುತ್ತವೆ.

ವಡಪಳನಿಯವರಿಗೆ ಹೆಗಲ ದುಡಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಏ.ವಿ.ಎಂ., ವಿಜಯಾ-ವಾಹಿನಿ ಸ್ಟುಡಿಯೋಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ, ನಮ್ಮ ಕನ್ನಡ ಚಿತ್ರಗಳೂ ಇಲ್ಲಿಯೇ ತಯಾರಾಗುತ್ತಿದ್ದಾಗ, ತೆರೆಯ ಮೇಲೆ ಕಾಣುವ ಬೆಳಕನ್ನೆಲ್ಲ ಮೇಲಿನ ಹಲಗೆಗಳಿಗೆ ಹೊತ್ತೇರಿಸಿದವು ಲೈಟ್‌ಮನ್‌ಗಳ ಹೆಗಲುಗಳು. ಆಡಿ ಕೃತ್ತಿಕೆಯಂದು ಮುರುಗನ ಗುಡಿಗೆ ಕಾವಡಿ ಹೊತ್ತು ಬರುವವರ ಹೆಗಲುಗಳನ್ನು ಇಂದಿಗೂ ಕಾಣುತ್ತೇವೆ. ಇವರಷ್ಟು ದುಡಿಯದ ನಮ್ಮಂಥವರಿಗೆ ಮನೆಬಾಗಿಲಿಗೆ ಬರುವ ನೀರಿನ ಕ್ಯಾನ್ ಇದೆ. ಇಪ್ಪತ್ತು ಲೀಟರೆಂದರೆ ಇಪ್ಪತ್ತು ಕಿಲೋ ಭಾರ. ಅದನ್ನು ಎದೆಯ ಮಟ್ಟಕ್ಕೆತ್ತಿ ಬೋರಲು ಹಾಕುವ ಗಳಿಗೆಯಲ್ಲಿ ಸವೆದ ತಂತು 'ಚಟ್' ಎಂದು ಹರಿಯಬಹುದು.

ಇದರ ಗುರುತು ಹೀಗಿದೆ. ಕೈಯನ್ನು ಪಕ್ಕದಿಂದ ಮೇಲಕ್ಕೆತ್ತುವಾಗ ಆರಂಭದಲ್ಲಿ ನೋವಿಲ್ಲ. ನಡುವೆ, ಹೆಗಲ ಮಟ್ಟದ ಆಚೆ ಈಚೆ, ನೋವು. ಪೂರ್ತಿ ಎತ್ತಿದ ಮೇಲೆ ಮತ್ತೆ ಹಗುರ. ತಂತು ಹರಿದಿದ್ದರೆ ತಾನಾಗಿ ಕೈ ಎತ್ತಲಾಗದು, ಆದರೆ ಬೇರೆಯವರು ಎತ್ತಿದರೆ ಏಳುತ್ತದೆ. ಹೆಪ್ಪುಗಟ್ಟಿದ ಹೆಗಲು ಯಾರೆತ್ತಿದರೂ ಏಳದು. ಈ ಒಂದು ಭೇದವನ್ನು ನೆನಪಿಟ್ಟರೆ ಸಾಕು, ವೈದ್ಯರಿಗೆ ಅರ್ಧ ಕೆಲಸ ಉಳಿಯುತ್ತದೆ.

ಸವೆತದ ನೋವು ಬಹುಮಂದಿಗೆ ಔಷಧ ವ್ಯಾಯಾಮಗಳಿಂದಲೇ ಹದಕ್ಕೆ ಬರುತ್ತದೆ. ಆದರೆ ಬಿದ್ದ ಮೇಲೋ ಭಾರ ಎತ್ತಿದ ಮೇಲೋ ಇದ್ದಕ್ಕಿದ್ದಂತೆ ಕೈ ಎತ್ತಲಾರದೆ ಹೋದರೆ ತಡಮಾಡಬಾರದು. ಹೊಸ ಹರಿತವನ್ನು ಹೊಲಿಯಬಹುದು. ತಿಂಗಳುಗಟ್ಟಲೆ ಬಿಟ್ಟರೆ ಸ್ನಾಯು ಕುಗ್ಗಿ, ಕೊಬ್ಬು ತುಂಬಿ, ಹೊಲಿಗೆ ನಿಲ್ಲುವುದು ಕಷ್ಟ.

ತಪ್ಪಿದ ಹೆಗಲು

ಕಾಯಿ ಬಸಿಯಿಂದ ಉರುಳಿತೆಂದರೆ ಕೀಲು ತಪ್ಪಿತೆಂದು ಅರ್ಥ. ದೊಡ್ಡ ಕೀಲುಗಳಲ್ಲಿ ಅತ್ಯಂತ ಹೆಚ್ಚಾಗಿ ತಪ್ಪುವುದು ಹೆಗಲೇ. ಅದೂ ಸಾಮಾನ್ಯವಾಗಿ ಮುಂದಕ್ಕೆ. ಕಬಡ್ಡಿ ಆಡುವ ಹುಡುಗರು, ಸ್ಕೂಟರಿನಿಂದ ಬಿದ್ದವರು ಇದಕ್ಕೆ ತುತ್ತಾಗುತ್ತಾರೆ. ಹೆಗಲಿನ ದುಂಡಗಿನ ಆಕಾರ ಹೋಗಿ ಮೂಲೆ ಎದ್ದಂತೆ ಕಾಣುತ್ತದೆ.

ಇದು ಇಂದಿನ ಸಮಸ್ಯೆಯಲ್ಲ. ಕಂಕುಳಲ್ಲಿ ಒನಕೆಯಿಟ್ಟು ಮೇಲಕ್ಕೆತ್ತಿ ಕೀಲನ್ನು ಕೂರಿಸಿ, ಸ್ವಸ್ತಿಕದ ಆಕಾರದಲ್ಲಿ ಕಟ್ಟು ಕಟ್ಟಬೇಕೆಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ಗ್ರೀಸಿನ ಹಿಪ್ಪೊಕ್ರಟೀಸನ ಹೆಸರಿನ ಕ್ರಮದಲ್ಲಿ ಒನಕೆಯ ಬದಲು ವೈದ್ಯನ ಹಿಮ್ಮಡಿ. ಇದನ್ನೋದಿ ಯಾರೂ ಒನಕೆ ಹುಡುಕಲು ಹೊರಡಬೇಡಿ! ಮೂಳೆಯೂ ಮುರಿದಿದೆಯೇ ಎಂದು ಸುಶ್ರುತನಿಗೆ ತೋರಿಸಲು ಕ್ಷಕಿರಣವಿರಲಿಲ್ಲ, ನಮಗಿದೆ. ಮುರಿದ ಎಲುಬನ್ನು ತಪ್ಪಿದ ಕೀಲೆಂದು ತಿಳಿದು ಎಳೆದರೆ ನರಕ್ಕೂ ರಕ್ತನಾಳಕ್ಕೂ ಹಾನಿಯಾಗಬಹುದು. ಕೈಯನ್ನು ಇದ್ದ ಭಂಗಿಯಲ್ಲಿಯೇ ಒಂದು ಪಂಚೆಯಿಂದ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯುವುದಷ್ಟೇ ನಮ್ಮ ಕೆಲಸ.

ಚೆನ್ನೈಯಲ್ಲಿ 'ಪುತ್ತೂರು ಕಟ್ಟು' ಎಂಬ ಫಲಕಗಳನ್ನು ನೋಡಿ 'ನಮ್ಮ ಪುತ್ತೂರಿನವರು' ಎಂದು ಸಂತೋಷಪಟ್ಟ ಕನ್ನಡಿಗರನ್ನು ನಾವು ಬಲ್ಲೆವು. ಅದು ದಕ್ಷಿಣ ಕನ್ನಡದ ಪುತ್ತೂರಲ್ಲ. ತಿರುತ್ತಣಿಯಿಂದಾಚೆ, ತಿರುಪತಿಯ ಹಾದಿಯಲ್ಲಿರುವ ಆಂಧ್ರದ ಪುತ್ತೂರು. ಮೂಳೆ ಕಟ್ಟುವ ಪರಂಪರೆಗೆ ಆ ಊರು ಹೆಸರಾದದ್ದು ನಿಜ. ಅದರ ಮೇಲೆ ವಿಶ್ವಾಸವಿರುವವರೊಡನೆ ನಾವು ಜಗಳವಾಡುವುದಿಲ್ಲ. ಯಾವ ಕಟ್ಟೇ ಆಗಲಿ, ಕಟ್ಟುವ ಮೊದಲು ಕ್ಷಕಿರಣದ ಚಿತ್ರ ತೆಗೆಸಿ, ಕೈ ಮರಗಟ್ಟಿದ್ದರೆ ನೇರ ಆಸ್ಪತ್ರೆಗೆ ಹೋಗಿ ಎಂದಷ್ಟೇ ನಮ್ಮ ವಿನಂತಿ.

ಹದಿಹರೆಯದಲ್ಲಿ ಒಮ್ಮೆ ತಪ್ಪಿದ ಹೆಗಲು ಮತ್ತೆ ಮತ್ತೆ ತಪ್ಪುವುದು ಹೆಚ್ಚು. ಅಂಥವರು ಶಸ್ತ್ರವೈದ್ಯರ ಸಲಹೆ ಪಡೆಯಬೇಕು. ಮಕ್ಕಳು ಬಿದ್ದಾಗ ಮುರಿಯುವ ಕೊರಳೆಲುಬಾದರೋ ಬಹುತೇಕ ಜೋಳಿಗೆಯಲ್ಲಿಯೇ ಕೂಡಿಕೊಳ್ಳುತ್ತದೆ. ಜೋಳಿಗೆಗೆ ಸಲ್ಲುವ ಜಾಗ ಇಂಥದು, ಅಮ್ಮನ ಹೆಗಲಲ್ಲ.

ತಮಿಳಿನ ತೋಳ್, ಕನ್ನಡದ ತೋಳು

ಅಮ್ಮ ಆರು ತಿಂಗಳು ಸುಮ್ಮನಿದ್ದುದಕ್ಕೆ ನಮ್ಮ ರಜೆಯ ಚಿಂತೆಯೊಂದೇ ಕಾರಣವಲ್ಲ. "ಆ ಡಾಕ್ಟರಿಗೆ ನಾನು ಹೇಳೋದು ಹೇಗೆ ತಿಳಿಯತ್ತೆ?" ಎಂಬ ಸಂಕೋಚವೂ ಇತ್ತು. ಊರು ಬಿಟ್ಟು ಬಂದ ಹಿರಿಯರಲ್ಲಿ ಈ ಸಂಕೋಚ ಎಷ್ಟು ನೋವನ್ನು ನುಂಗಿದೆಯೋ!

ಅಮ್ಮ ಹೇಳಿದ್ದು "ತೋಳು ನೋವು" ಎಂದು. ತೋರಿಸಿದ್ದು ಹೆಗಲಿನ ಕೆಳಗೆ, ತೋಳಿನ ಹೊರಬದಿಯನ್ನು. ಕನ್ನಡದಲ್ಲಿ ತೋಳೆಂದರೆ ಕೈಯ ಮೇಲ್ಭಾಗ. ತಮಿಳಿನಲ್ಲಿ 'ತೋಳ್' ಎಂದರೆ ಹೆಗಲು! ತಮಿಳರಾದ ವೈದ್ಯರು ನೇರವಾಗಿ ಹೆಗಲನ್ನೇ ಪರೀಕ್ಷಿಸಿದರು, ರೋಗವೂ ಅಲ್ಲಿಯೇ ಇತ್ತು. ಹೆಗಲಿನ ಕೀಲು ಕೆಟ್ಟರೆ ನೋವು ಕಾಣಿಸಿಕೊಳ್ಳುವುದು ಬಹುವಾಗಿ ತೋಳಿನ ಹೊರಬದಿಯಲ್ಲಿ. ಇದಕ್ಕೆ ವಿರುದ್ಧವಾಗಿ, ಕೊರಳಿಗೂ ಹೆಗಲಿಗೂ ನಡುವೆ, ಕಾವಡಿ ಹೊರುವ ಜಾಗದಲ್ಲಿ, ನೋವಿದ್ದರೆ ಅದು ಅನೇಕ ವೇಳೆ ಕುತ್ತಿಗೆಯಿಂದ ಬಂದದ್ದು. ಆದುದರಿಂದ ಹಿರಿಯರಿಗೆ ಹೇಳಿಕೊಡಬೇಕಾದದ್ದು ಇಷ್ಟೆ: ಮಾತು ಬಾರದಿದ್ದರೆ ಒಂದು ಬೆರಳಿಟ್ಟು ನೋವಿನ ಜಾಗವನ್ನು ತೋರಿಸಿ. ಬೆರಳಿಗೆ ಭಾಷೆಯ ತೊಡಕಿಲ್ಲ.

ಹೆಗಲಿನದಲ್ಲದ ಹೆಗಲು ನೋವು

ಕೆಲವು ನೋವುಗಳು ಹೆಗಲಿನಲ್ಲಿ ತೋರಿ ಬೇರೆಡೆ ಇರುತ್ತವೆ. ಎಡಹೆಗಲು, ಎಡಗೈ ನೋವಿನೊಡನೆ ಎದೆ ಹಿಂಡಿದಂತಾಗಿ, ಬೆವರಿ, ಉಸಿರು ಕಟ್ಟಿದರೆ ಅದು ಹೃದಯದ ಕರೆ. ಎಣ್ಣೆ ನೀವುತ್ತ ಕೂರದೆ 108ಕ್ಕೆ ಫೋನು ಮಾಡಬೇಕು. ಮಧುಮೇಹಿಗಳಿಗೆ ಎದೆನೋವು ಸ್ಪಷ್ಟವಾಗಿ ತೋರದಿರುವುದೂ ಉಂಟು. ಬಲಹೆಗಲಿನ ನೋವು ಪಿತ್ತಕೋಶದ್ದಾಗಿರಬಹುದು. ಕೈಬೆರಳು ಜೋಮು ಹಿಡಿದು ಹಿಡಿತ ಸಡಿಲವಾದರೆ ಕುತ್ತಿಗೆಯ ನರವನ್ನು ನೋಡಿಸಬೇಕು. ಜ್ವರದೊಡನೆ ಹೆಗಲು ಕೆಂಪಾಗಿ ಬಿಸಿಯಾದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಬಾವಿಯಿಲ್ಲದ ರಾಟೆ

ಇನ್ನು ಅಮ್ಮನ ಕಥೆಯ ಉಳಿದ ಭಾಗ. ವ್ಯಾಯಾಮ ಚಿಕಿತ್ಸೆಯ ಹುಡುಗಿ ಮೊದಲ ದಿನ ಕಲಿಸಿದ್ದು ಗಂಟೆಯ ಲೋಲಕದ ಆಟ. ಮೇಜಿನ ಮೇಲೆ ಒಳ್ಳೆಯ ಕೈಯೂರಿ, ಬಾಗಿ, ನೋಯುವ ಕೈಯನ್ನು ಇಳಿಬಿಟ್ಟು ಮೆಲ್ಲಗೆ ತೂಗಾಡಿಸುವುದು. ಹೆಗಲಿಗೆ ಹೆಸರಿಟ್ಟ ಆ ಕಾಡ್ಮನ್ನನ ಹೆಸರೇ ಈ ವ್ಯಾಯಾಮಕ್ಕೂ ಇದೆ. ಎರಡನೆಯದು ಗೋಡೆಯ ಮೇಲೆ ಬೆರಳುಗಳ ನಡಿಗೆ. ಮುಟ್ಟಿದ ಎತ್ತರಕ್ಕೆ ಮೊಮ್ಮಗಳು ಸೀಸದಕಡ್ಡಿಯಿಂದ ಗೆರೆ ಎಳೆಯುತ್ತಿದ್ದಳು. ಮೂರನೆಯದಕ್ಕೆ ಬಾಗಿಲ ಚೌಕಟ್ಟಿಗೊಂದು ರಾಟೆ ಕಟ್ಟಿ ಹಗ್ಗ ಇಳಿಬಿಟ್ಟರು. ಒಳ್ಳೆಯ ಕೈ ಕೆಳಕ್ಕೆಳೆದರೆ ನೋಯುವ ಕೈ ಮೇಲೇಳುತ್ತದೆ.

ಅಮ್ಮ ನಕ್ಕುಬಿಟ್ಟರು. "ಹದಿನೈದು ವರ್ಷ ನಮ್ಮೂರಲ್ಲಿ ಬಾವಿ ನೀರು ಸೇದಿದ್ದೇನೆ. ಬಾವಿ ಇಲ್ಲದೆ ಬರೀ ರಾಟೆ ಎಳೆಸೋ ಊರು ಇದೊಂದೇ!"

ನಿಯಮಗಳು ಸರಳ. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿಸಲ ಐದು ಹತ್ತು ನಿಮಿಷ. ಸ್ವಲ್ಪ ಎಳೆತವಿರಬಹುದು, ಕೂಗುವಂಥ ನೋವಿರಬಾರದು. ಮೊದಲು ಬಿಸಿನೀರಿನ ಶಾಖ ಹಿತ; ಮಧುಮೇಹದಿಂದ ಚರ್ಮ ಜೋಮು ಹಿಡಿದವರು ಬಿಸಿಯನ್ನು ಬೇರೆಯವರಿಂದ ಪರೀಕ್ಷಿಸಿಕೊಳ್ಳಬೇಕು. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬಾರದು, ಮೂತ್ರಪಿಂಡಕ್ಕೆ ಕೇಡು. ಖರ್ಚಿನ ಭಯವಿರುವವರಿಗೆ ನಮ್ಮ ನೆರೆಯ ಕೆ.ಕೆ. ನಗರದಲ್ಲಿಯೇ ಸರ್ಕಾರದ ಪುನರ್ವಸತಿ ವೈದ್ಯ ಸಂಸ್ಥೆಯಿದೆ. ವಿಮೆಯುಳ್ಳ ಕಾರ್ಮಿಕರಿಗೆ ಇ.ಎಸ್.ಐ. ಆಸ್ಪತ್ರೆಯೂ ಅಲ್ಲಿಯೇ ಇದೆ.

ಗೋಡೆಯ ಗೆರೆಗಳು ಬೇಗ ಏರಲಿಲ್ಲ. ಎರಡು ವಾರ ಒಂದೇ ಕಡೆ ನಿಂತದ್ದೂ ಉಂಟು. ಅಮ್ಮ ಬೇಸತ್ತು "ಸಾಕು ಬಿಡೋ, ಇದ್ದಷ್ಟು ಕಾಲ ಎಡಗೈಲೇ ಆಗತ್ತೆ" ಎಂದ ದಿನಗಳೂ ಇದ್ದವು. ಈಗ ಹತ್ತು ತಿಂಗಳಾಗಿವೆ. ಸಕ್ಕರೆ ಹತೋಟಿಯಲ್ಲಿದೆ. ಕೈ ಇನ್ನೂ ಪೂರ್ತಿ ಮೇಲೇಳದು. ಸಾರಿನ ಪುಡಿಯ ಡಬ್ಬಿ ಕೆಳಗೇ ಇದೆ, ಅಲ್ಲಿಯೇ ಇರಲಿ. ಆದರೆ ಕಳೆದ ತಿಂಗಳಿಂದ ತುರುಬನ್ನು ತಾವೇ ಕಟ್ಟಿಕೊಳ್ಳುತ್ತಿದ್ದಾರೆ. ಶುಕ್ರವಾರದ ಆರತಿಯ ತಟ್ಟೆ ಬಲಗೈಗೆ ಬಂದಿದೆ.

ವಾಚಕರಲ್ಲಿ ನಮ್ಮದೊಂದು ಬೇಡಿಕೆ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರನ್ನು ಎದುರಿಗೆ ಕೂರಿಸಿಕೊಂಡು, ಮೊಣಕೈ ಪಕ್ಕೆಗೊತ್ತಿ ಆ ಎರಡು ಕದಗಳನ್ನು ತೆರೆಯಲು ಹೇಳಿ. ಎರಡೂ ತೆರೆದರೆ ನಕ್ಕು ಎದ್ದುಬಿಡಿ. ಒಂದು ತೆರೆಯದಿದ್ದರೆ, 'ಏನಿಲ್ಲ, ಅದೇ ಹೋಗುತ್ತದೆ' ಎಂಬ ಮಾತನ್ನು ಮಾತ್ರ ನಂಬಬೇಡಿ.